ತಲೆಕೆಳಗಾದ ಕಮಾನು

ಎಂಬತ್ತರ ದಶಕದ ಒಂದು ಭಾನುವಾರ ಮಧ್ಯಾಹ್ನ ಮೂರು ಗಂಟೆ ಹನ್ನೆರಡು ನಿಮಿಷದವರೆಗೂ ನನ್ನ ಹೆಂಡತಿಯ ತಮ್ಮನಿಗೆ ತಲೆ ಸರಿಯಿಲ್ಲವೆಂದೇ ನಂಬಿದ್ದೆ. ಅಂತರಸನಹಳ್ಳಿಯಲ್ಲಿ ಲೇತ್ ತಿರುಗಿಸುವವನಿಗೆ ಇಂಗ್ಲೆಂಡಿನ ವೆಲ್ಸ್ ಊರಿನ ಕೆಥೆಡ್ರಲ್ ಚರ್ಚು ಯಾಕೆ ಬೇಕು? ಹಳೆ ಪುಸ್ತಕದಂಗಡಿಯಲ್ಲಿ ಅದರ ಚಿತ್ರಗಳು ಸಿಕ್ಕಿದ್ದೇ ನೆಪ. ಕುಣಿಗಲ್ಲಿನ ಮದುವೆಮನೆಯಲ್ಲಿ ಎಲೆಯ ಮೇಲೆ ಅನ್ನದ ಗೋಪುರ ಕಟ್ಟಿ, ಸುತ್ತ ಹಪ್ಪಳ ನಿಲ್ಲಿಸಿ ವಿವರಿಸತೊಡಗಿದ. ಬಡಿಸುವವನು ಕಾದು ಕಾದು, "ಸಾರು ಗೋಪುರಕ್ಕೆ ಬಿಡ್ಲಾ, ಪಕ್ಕಕ್ಕೆ ಬಿಡ್ಲಾ ಸ್ವಾಮಿ?" ಎಂದ.

ನಾನು ಬಿ.ಇ. ಸಿವಿಲ್. ನನ್ನ ಕಾಲುವೆ ಕೆಲಸದ ಕಥೆಗೆ ಆಕಳಿಸುವ ಹೆಂಡತಿ, ತನ್ನ ತಮ್ಮ 'ಕಮಾನು' ಎಂದರೆ ಸಾಕು, ಸೌಟು ಹಿಡಿದೇ ಓಡಿಬರುತ್ತಿದ್ದಳು. ಹೊಟ್ಟೆ ಉರಿಯದೆ ಇರುತ್ತದೆಯೇ?

ಗುಬ್ಬಿಯ ನಮ್ಮ ಮಣ್ಣುಗೋಡೆಯ ಮನೆಯ ತಾರಸಿ ಮೇಲೆ ನಾನು ಸಿಮೆಂಟಿನ ನೀರಿನ ತೊಟ್ಟಿ ಕಟ್ಟಿಸಿದೆ. ಅವನು ತಲೆ ಕೆರೆದುಕೊಂಡ.

"ಭಾವ, ವೆಲ್ಸ್‌ನಲ್ಲೂ ಹಿಂಗೇ ಹಳೇ ಕಂಬದ ಮೇಲೆ ಗೋಪುರ ಎತ್ತರಿಸಿದ್ರು. ಭಾರಕ್ಕೆ ಬಿರುಕು ಬಿಡ್ತು. ಆಮೇಲೆ ಒಂದು ಕಮಾನಿನ ಮೇಲೆ ಇನ್ನೊಂದನ್ನ ತಲೆಕೆಳಗೆ, ಕತ್ತರಿ ಹಂಗೆ ಕೂರಿಸಿ ನಿಲ್ಸಿದ್ರು. ಆರ್ನೂರು ವರ್ಷದ ಮೇಲಾಯ್ತು, ಇನ್ನೂ ನಿಂತೈತೆ."

"ಸರಿ ಕಣಯ್ಯ. ನಮ್ಮನೇಲಿ ಪಾದ್ರಿ ಇಲ್ವಲ್ಲ," ಎಂದೆ.

ತೊಟ್ಟಿ ಮೊದಲ ಸಲ ತುಂಬಿದ್ದು ಆ ಭಾನುವಾರ. ಅವನು ಊಟಕ್ಕೆ ಬಂದಿದ್ದ. ಏನೋ ಸೀಳಿದ ಸದ್ದು. ತೊಟ್ಟಿಯ ಕೆಳಗಿನ ಕೋಣೆಯ ಗೋಡೆ ನಡುಮನೆಯತ್ತ ವಾಲಿತು. ಒಳಗೆ ಹೆಂಡತಿ ಮತ್ತು ಮೂರು ತಿಂಗಳ ಮಗಳು. ಬಾಗಿಲು ಕಚ್ಚಿಕೊಂಡಿತ್ತು. ಒದೆಯಲು ಕಾಲೆತ್ತಿದೆ.

"ಒದೀಬೇಡಿ ಭಾವ. ಗೋಡೆನ ಈಗ ಬಾಗಿಲೇ ಹೊತ್ಕೊಂಡೈತೆ. ಹಿತ್ತಿಲಿಗೋಗಿ ತೊಟ್ಟಿ ನಲ್ಲಿ ಬಿಡಿ, ಭಾರ ಇಳೀಲಿ."

ಬಿ.ಇ. ಮಾಡಿದವನು ನಲ್ಲಿ ತಿರುಗಿಸಲು ಓಡಿದೆ. ವಾಪಸು ಬಂದು, ಅವನು ಎಳೆತಂದ ಹಳೆಯ ತೊಲೆಗಳ ಇನ್ನೊಂದು ತುದಿ ಹಿಡಿದೆ. ವಾಲಿದ ಗೋಡೆಗೂ ಎದುರು ಗೋಡೆಗೂ ನಡುವೆ ಎರಡು ತೊಲೆಗಳನ್ನು ಕತ್ತರಿಯಂತೆ ಅಡ್ಡಡ್ಡ ಆನಿಸಿ ಬಿಗಿದ. ಆಮೇಲೆ ಬಾಗಿಲಿನ ಕೆಳಹಲಗೆ ಕೊಯ್ದ. ಮೊದಲು ಮಗು, ಹಿಂದೆಯೇ ತೆವಳಿಕೊಂಡು ಇವಳು. ಇವಳು ಅತ್ತದ್ದು ತಮ್ಮನ ಹೆಗಲ ಮೇಲೆ. ಆ ಗಳಿಗೆಯಲ್ಲೂ ನನಗೆ ಕಿಚ್ಚು!

ಗಾರೆಯವರು ಬರುವವರೆಗೆ ಮುಂದಿನ ಕೋಣೆಯಲ್ಲಿದ್ದೆವು. ಕಣ್ಣು ಮುಚ್ಚಿದರೆ ಅದೇ ಸದ್ದು, ಎತ್ತಿದ ನನ್ನದೇ ಕಾಲು. ಐದನೆಯ ರಾತ್ರಿ ಅವನು ಚಾಪೆ ತಂದು ತೊಲೆಗಳ ಕೆಳಗೇ ಹಾಸಿದ. "ನನ್ ಕಮಾನು ಬಿದ್ರೆ ನನ್ ಮೇಲೇ ಬೀಳ್ಲಿ. ನೀವು ನಿಶ್ಚಿಂತೆಯಾಗಿ ಮಲಕ್ಕೊಳ್ಳಿ."

ನಾವು ಮೂವರೂ ಎದ್ದಾಗ ಬಿಸಿಲೇರಿತ್ತು. ಅವನು ಚಾಪೆಯ ಮೇಲೆ ಕೂತೇ ಇದ್ದ, ಕಣ್ಣು ಕೆಂಪಗೆ, ಅಂಗೈ ತೊಲೆಯ ಮೇಲೆ.

"ಮಲಗ್ಲೇ ಇಲ್ವೇನಯ್ಯ?"

"ಅಲ್ಲಿ ನಿಂತೈತೆ ಅಂತ ಗೊತ್ತು ಭಾವ. ಇಲ್ಲಿ ನಿಲ್ಲುತ್ತೋ ಇಲ್ವೋ, ನಂಗೇನ್ ಗೊತ್ತು?"

ಅವನ ಕೈ ಸರಿಸಿ, ಅಲ್ಲಿ ನನ್ನ ಕೈ ಇಟ್ಟೆ. "ಹೋಗು, ಮಲಕ್ಕೋ," ಎಂದೆ.