ಅಮೆರಿಕದ ಹೂಜಿಯನ್ನು ಅರಸೀಕೆರೆಯಲ್ಲಿ ತಿದ್ದಿದ್ದು

ತಪ್ಪು ಕನ್ನಡ ಕಂಡರೆ ತಿದ್ದದೆ ಇರಲಾರದವರನ್ನು ಫಜೀತಿಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಅರಸೀಕೆರೆಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದ ಮೇಲೆ, ತಿದ್ದಲು ಉತ್ತರಪತ್ರಿಕೆ ಇಲ್ಲದೆ ನನ್ನ ಕೈ ತುರಿಸುತ್ತಿತ್ತು. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ತಿದ್ದಬಹುದಾದ ಕನ್ನಡ ವಿಶ್ವಕೋಶವಿದೆ ಎಂದು ಗೊತ್ತಾಯಿತು. ಅಲ್ಲಿ ನನಗೆ ಸಿಕ್ಕಿದ್ದು ಅಮೆರಿಕದ ಒಬ್ಬ ಬೇಸ್‌ಬಾಲ್ ಆಟಗಾರನ ಜೀವನಚರಿತ್ರೆ. ಕಂಪ್ಯೂಟರೇ ಅನುವಾದ ಮಾಡಿದ್ದು. "ಭಾಷೆ ಸುಧಾರಿಸದಿದ್ದರೆ ಅಳಿಸಲಾಗುವುದು" ಎಂದು ಮೇಲೆ ನೋಟೀಸು ಬೇರೆ. ಬೇಸ್‌ಬಾಲ್ ಅನ್ನು ನಾನು ಕಣ್ಣಲ್ಲೂ ಕಂಡವಳಲ್ಲ. ಆದರೂ ಕೆಟ್ಟ ಕನ್ನಡದ ದೆಸೆಯಿಂದ ಒಬ್ಬ ಮನುಷ್ಯನ ಬದುಕು ಅಳಿಸಿಹೋಗುವುದು ಸರಿಯೆನಿಸಲಿಲ್ಲ.

ಎಡಗೈ ಹೂಜಿ

ಮೊದಲ ಸಾಲೇ "ಇವರು ಹೆಸರಾಂತ ಎಡಗೈ ಹೂಜಿ" ಎಂದಿತ್ತು. ಚೆಂಡು ಎಸೆಯುವವನಿಗೆ ಅಲ್ಲಿ ಪಿಚರ್ ಅನ್ನುತ್ತಾರೆ, ನೀರಿನ ಹೂಜಿಗೂ ಅದೇ ಹೆಸರು ಎಂದು ತಿಳಿಯಲು ನನಗೆ ಅರ್ಧ ದಿನ ಹಿಡಿಯಿತು. ಅಷ್ಟರಲ್ಲಿ ಕೊಬ್ಬರಿ ಮಂಡಿಯಿಂದ ಊಟಕ್ಕೆ ಬಂದ ನಮ್ಮ ಯಜಮಾನರನ್ನೂ ಕೇಳಿದ್ದೆ.

"ಎಡಗೈ ಹೂಜಿ ಅಂದ್ರೆ ಏನಿರಬಹುದು ರೀ?"

ಅವರು ಅನ್ನ ಕಲಸುತ್ತಲೇ ಹೇಳಿದರು, "ಮೂತಿ ಎಡಗಡೆಗೆ ಇರ್ಬೇಕು. ತಗೋಬೇಡ, ನೀರು ಚೆಲ್ತದೆ."

ಕದ್ದವನ ಚರಿತ್ರೆ

ಗಟ್ಟಿಯಾಗಿ ಓದಿಕೊಂಡು ತಿದ್ದುವುದು ನನ್ನ ಅಭ್ಯಾಸ. "ಇವರು ಎರಡನೇ ನೆಲೆಯನ್ನು ಕದ್ದರು" ಎಂದು ಓದಿದ್ದು ಹಿತ್ತಲ ಬಾಗಿಲಲ್ಲಿ ಕೂತಿದ್ದ ಅತ್ತೆಯ ಕಿವಿಗೆ ಬಿತ್ತು.

"ಕಳ್ಳನ ಕತೆ ಬರೀತಿದ್ದೀಯೇನೇ?"

"ಇಲ್ಲ ಅತ್ತೆ. ಎದುರಾಳಿಗಳು ಮೈಮರೆತಿದ್ದಾಗ ಓಡಿಹೋಗಿ ಮುಂದಿನ ಜಾಗ ಹಿಡ್ಕೊಳ್ಳೋದು. ಅದಕ್ಕೆ ಕದಿಯೋದು ಅಂತಾರೆ."

"ಬಾಣಾವರದಲ್ಲಿ ರೈಲು ನಿಲ್ಲೋಕ್ ಮುಂಚೆ ಕಿಟಕಿಯಿಂದ ಸೀಟಿಗೆ ಟವೆಲ್ ಎಸೀತಾರಲ್ಲ, ಹಂಗಾ?"

"ಹೆಚ್ಚುಕಮ್ಮಿ ಹಂಗೇ."

ಅತ್ತೆ ಕಾಲು ನೀಡಿಕೊಂಡು ಹೇಳಿದರು, "ಹಂಗಾದ್ರೆ ನಿನ್ ಗಂಡಂದೂ ಒಂದು ಚರಿತ್ರೆ ಬರಿ."

ಆಧಾರ ಬೇಲೂರಿನಲ್ಲಿದೆ

ಒಂದು ಬೆಳಿಗ್ಗೆ ನೋಡಿದರೆ ನಾನು ತಿದ್ದಿದ್ದರ ನಡುವೆ ಯಾರೋ ಹೊಸ ಸಾಲು ಸೇರಿಸಿದ್ದರು. "ಇವರು ಸೊಂಟ ಬಳುಕಿಸಿ ಮದನಿಕೆಯಂತೆ ನಿಂತು ಚೆಂಡೆಸೆಯುತ್ತಿದ್ದರು." ಅಳಿಸಿದೆ. ಮತ್ತೆ ಬಂತು. "ಇದು ವರ್ಣನೆ, ವಿಶ್ವಕೋಶಕ್ಕೆ ಸಲ್ಲದು. ಆಧಾರ ಕೊಡಿ" ಎಂದು ಬರೆದೆ. "ಆಧಾರ ಬೇಲೂರಿನಲ್ಲಿದೆ, ಬಂದು ನೋಡಿ" ಎಂದು ಉತ್ತರ ಬಂತು. ಆತ ಅಲ್ಲಿಯ ದೇವಸ್ಥಾನದಲ್ಲಿ ಗೈಡ್.

ಹೋದೆ. ಮದನಿಕೆಯೊಬ್ಬಳನ್ನು ತೋರಿಸಿ, "ನಿಲುವು ನೋಡಿ ಮೇಡಂ, ಅದೇ ಅಲ್ವಾ?" ಅಂದ.

"ಕೈಯಲ್ಲಿ ಚೆಂಡೇ ಇಲ್ಲವಲ್ಲಪ್ಪ?"

"ಎಸೆದಾಯ್ತಲ್ಲ ಮೇಡಂ."

ಬಲಿ

ಹಳೇಬೀಡಿನಲ್ಲಿ ನಮ್ಮ ಮಠದ ಒಂದು ಕಾರ್ಯಕ್ರಮ. ಅತ್ತೆಯನ್ನೂ ಕರೆದುಕೊಂಡು ಹೋಗಿದ್ದೆ. ನಾನು ವಿಶ್ವಕೋಶ ತಿದ್ದುವ ಸುದ್ದಿಯನ್ನು ಯಾರೋ ಸ್ವಾಮಿಗಳಿಗೆ ಮುಟ್ಟಿಸಿದ್ದರು. "ನಾಲ್ಕು ಜನರ ಮುಂದೆ ಓದಿ ತಾಯಿ" ಅಂದರು. ಮೊಬೈಲ್ ತೆಗೆದು ಮೈಕಿನ ಮುಂದೆ ನಿಂತೆ. ಕೊನೆಯ ಪ್ಯಾರಾ ಇನ್ನೂ ತಿದ್ದಿಲ್ಲ ಎಂಬುದು ನೆನಪಾಗುವಷ್ಟರಲ್ಲಿ ಬಾಯಿ ಓದಿಬಿಟ್ಟಿತ್ತು: "ತಂಡದ ಗೆಲುವಿಗಾಗಿ ಇವರು ಒಂದು ನೊಣವನ್ನು ಬಲಿ ಕೊಟ್ಟರು."

ನಾನು ಬೆವರೊರೆಸಿಕೊಂಡು ಕೂತೆ. ಆಶೀರ್ವಚನಕ್ಕೆ ಎದ್ದ ಸ್ವಾಮಿಗಳು ಬೇರೆ ವಿಷಯಕ್ಕೇ ಹೋಗಲಿಲ್ಲ. "ನೊಣಕ್ಕೂ ಜೀವವಿದೆ. ಗೆಲ್ಲುವ ಆಸೆಗೆ ಇನ್ನೊಂದು ಜೀವ ತೆಗೆಯಬಾರದು" ಎಂದು ಶುರುಮಾಡಿ, ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುವವರೆಗೆ ಮಾತಾಡಿದರು.

ಪ್ರಸಾದದ ಹೊತ್ತಿಗೆ ಅಳುಕುತ್ತಲೇ ಹತ್ತಿರ ಹೋದೆ. "ಬುದ್ಧಿ, ಅದು ನೊಣ ಅಲ್ಲ. ಇಂಗ್ಲಿಷಿನಲ್ಲಿ ನೊಣಕ್ಕೂ ಹಾರುವ ಚೆಂಡಿಗೂ ಒಂದೇ ಮಾತು. ಜೊತೆಗಾರ ಗುರಿ ಮುಟ್ಟಲಿ ಅಂತ ಅವನು ಚೆಂಡನ್ನ ಎತ್ತರಕ್ಕೆ ಹೊಡೆದು ತಾನೇ ಔಟಾದ, ಅಷ್ಟೇ."

ಸ್ವಾಮಿಗಳು ಊಟದ ಪಂಕ್ತಿಯ ಕಡೆ ತಿರುಗಿ ನೋಡಿದರು. "ಅಂದ್ರೆ, ನೊಣ ಬದುಕಿದೆ?"

"ಬದುಕಿದೆ ಬುದ್ಧಿ."

"ಹಾಗಾದ್ರೆ ಮೊದಲು ಹೋಗಿ ನಿಮ್ಮತ್ತೆಗೆ ಹೇಳಿ ತಾಯಿ. ಪಾಪ, ಎಲೆ ಮುಂದೆ ಕೂತವರು ಊಟಾನೇ ಮಾಡ್ತಿಲ್ಲ."