ರಾಕ್ಷಸನಿಗೆ ಹೆಣ್ಣು ಕೊಟ್ಟ ರಾಮದಾಸರು

ಮಗಳು ತಮ್ಮೊಡನೆ ಮಾತಾಡುವುದಿಲ್ಲ ಎಂಬುದು ರಾಮದಾಸರ ದೂರು. ಪೂರ್ತಿ ಮೂಕವ್ರತವೇನೂ ಅಲ್ಲ. ಶ್ರೀಯಾ ಒಂಬತ್ತನೆಯ ತರಗತಿಗೆ ಕಾಲಿಟ್ಟ ಮೇಲೆ ಅಪ್ಪನ ಯಾವ ಪ್ರಶ್ನೆಗೂ "ಹ್ಞೂಂ", "ಇಲ್ಲ ಪಾ", "ಸುಮ್ನೆ ಪಾ" ಎಂಬುದರಾಚೆ ಹೋಗುತ್ತಿರಲಿಲ್ಲ. ಉಳಿದ ಮಾತೆಲ್ಲ ಕೆಳಮಹಡಿಯ ಗೆಳತಿ ವೀಕ್ಷಾಳಿಗೆ ಮೀಸಲು. ಆ ಮಾತೂ ಒಂದೇ ವಿಷಯದ ಸುತ್ತ: ಕೇಬಲ್ ಟಿವಿಯಲ್ಲಿ ಸಂಜೆ ಬರುವ ಒಂದು ಕಾರ್ಟೂನು.

ಅದರಲ್ಲಿ ರೆಕ್ಕೆಯ ದೇವದೂತರ ಸೈನ್ಯ ಒಂದು, ಕೊಂಬಿನ ರಾಕ್ಷಸರ ಸೈನ್ಯ ಒಂದು. ಇಬ್ಬರಿಗೂ ದಿನಾ ಯುದ್ಧ. ಹುಡುಗಿಯರಿಗೆ ಯುದ್ಧ ಬೇಡ. ಯುದ್ಧ ಬಿಟ್ಟು ಓಡಿಬಂದ ನಾಲ್ಕಾರು ದೇವದೂತರು, ರಾಕ್ಷಸರು ಸೇರಿ ಒಂದು ಮನೆ ಬಾಡಿಗೆಗೆ ಹಿಡಿದಿದ್ದಾರೆ, ಒಟ್ಟಿಗೆ ಉಣ್ಣುತ್ತಾರೆ, ಜಗಳಾಡುತ್ತಾರೆ ಎಂದು ಇವರೇ ಕಥೆ ಕಟ್ಟಿಕೊಂಡಿದ್ದರು. ಕಾರ್ಟೂನು ಮಾಡಿದವರಿಗೆ ಈ ಮನೆಯ ಸುದ್ದಿಯೇ ಗೊತ್ತಿರಲಿಲ್ಲ. ಆದರೆ ಬ್ರೌಸಿಂಗ್ ಸೆಂಟರಿಗೆ ಹೋಗಿ ನೋಡಿದರೆ, ಇಂಥದೇ ಮನೆ ಕಟ್ಟಿಕೊಂಡ ಹುಡುಗಿಯರು ಪುಣೆಯಲ್ಲೂ ಇದ್ದರು, ಪೋಲೆಂಡಿನಲ್ಲೂ ಇದ್ದರು.

ಹೀಗಿರುವಾಗ ನವರಾತ್ರಿ ಬಂತು. ಚೆನ್ನೈಯಲ್ಲಿ ನವರಾತ್ರಿಯೆಂದರೆ ಕೊಲು. ಮನೆಯಲ್ಲಿ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುವುದು, ಅಕ್ಕಪಕ್ಕದ ಹೆಂಗಸರು ಬಂದು ನೋಡುವುದು, ಹಾಡು ಹೇಳುವುದು, ಕಡಲೆ ಉಸಲಿಯಂಥ ಸುಂಡಲ್ ತಿಂದು ಕುಂಕುಮ ಇಟ್ಟುಕೊಂಡು ಹೋಗುವುದು. ರಾಮದಾಸರ ಊರು ಕುಂದಾಪುರದ ಕಡೆ. ಅಲ್ಲಿ ಅವರ ಮನೆಯಲ್ಲಿ ಈ ಪದ್ಧತಿ ಇರಲಿಲ್ಲ. ಇಲ್ಲಿ ಮಾತ್ರ ಅವರಷ್ಟು ಶ್ರದ್ಧೆಯಿಂದ ಮೆಟ್ಟಿಲು ಕಟ್ಟುವವರು ಆ ಬೀದಿಯಲ್ಲೇ ಇಲ್ಲ. ಅಂಬತ್ತೂರಿನ ಕಾರ್ಖಾನೆಯಲ್ಲಿ ಅವರು ಗುಣಮಟ್ಟ ಪರೀಕ್ಷಕರು. ಕಬ್ಬಿಣದ ಪಟ್ಟಿಯ ಮೇಲೆ ಹಲಗೆ ಇಟ್ಟು, ಬೋಲ್ಟು, ನಟ್ಟು ಹಾಕಿ ಬಿಗಿದ ಮೆಟ್ಟಿಲು. ಮೇಲೆ ಆನೆ ನಿಂತರೂ ಅಲುಗದು. (ನಿಂತದ್ದು ಮಣ್ಣಿನ ಆನೆ ಮಾತ್ರ.)

"ಅಪ್ಪಾ, ನಂಗೆ ಒಂದು ಪಡಿ ಬೇಕು," ಎಂದಳು ಶ್ರೀಯಾ.

ಪೂರ್ತಿ ಐದು ಶಬ್ದ! (ಪಡಿ ಎಂದರೆ ತಮಿಳಿನ ಮೆಟ್ಟಿಲು.) ರಾಮದಾಸರು ಹಿರಿಹಿರಿ ಹಿಗ್ಗಿ, ಕೆಳಗಿನ ಮೆಟ್ಟಿಲನ್ನು ಅಲ್ಲೇ ಮಗಳ ಹೆಸರಿಗೆ ಬರೆದುಕೊಟ್ಟರು.

ಹುಡುಗಿಯರು ಎರಡು ದಿನ ಕೂತು ತಮ್ಮ ಕಥೆಯ ಮನೆಯನ್ನು ರಟ್ಟಿನ ಬಾಗಿಲು, ಪುಟ್ಟ ಮಣೆಗಳ ಸಮೇತ ಸಿದ್ಧಮಾಡಿದರು. ಪುರಸೈವಾಕ್ಕಂನ ಅಂಗಡಿಯಿಂದ ಕ್ರಿಸ್‌ಮಸ್ ಗೊಂಬೆಗಳು ಬಂದವು. ದುರ್ಗೆ ಒಡೆದುಹೋಗಿ ಒಂಟಿಯಾಗಿ ಅಟ್ಟ ಸೇರಿದ್ದ ಮಹಿಷಾಸುರ ಕೆಳಗಿಳಿದು, ಎದೆಯ ತೂತಿಗೆ ಎಂ-ಸೀಲ್ ತುಂಬಿಸಿಕೊಂಡು, ಡ್ರೋಮಾ ಎಂಬ ತರುಣ ರಾಕ್ಷಸನಾದ. ರೆಕ್ಕೆಯ ಚೆಲುವೆ ಸೆಲಿಯಾ ಆದಳು. ಶನಿವಾರ ಸಂಜೆ ಶಾಲೆಯ ಗೆಳತಿಯರು ನೋಡಲು ಬರುವುದೆಂದು ನಿಗದಿಯಾಗಿತ್ತು.

ಶನಿವಾರ ರಾಮದಾಸರಿಗೆ ರಜೆ. ಹುಡುಗಿಯರು ಸ್ಪೆಷಲ್ ಕ್ಲಾಸಿಗೆ ಹೋಗಿದ್ದರು. ಕಾಫಿ ಕುಡಿಯುತ್ತ ಕೂತವರ ಕಣ್ಣಿಗೆ ಕೆಳಗಿನ ಮೆಟ್ಟಿಲು ನಡುವೆ ತುಸು ಬಾಗಿದಂತೆ ಕಂಡಿತು. ಮಟ್ಟ ನೋಡುವ ರಸಮಟ್ಟ ತಂದು ಇಟ್ಟರು. ಅದರೊಳಗಿನ ಗಾಳಿಗುಳ್ಳೆ ಪಕ್ಕಕ್ಕೆ ಸರಿಯಿತು. ಇನ್ನು ಅವರನ್ನು ಹಿಡಿಯುವವರುಂಟೆ?

"ಬೇಡ ಮಾರಾಯ್ರೇ, ಮುಟ್ಟಬೇಡಿ," ಎಂದರು ಹೆಂಡತಿ ಸುಮತಿ ಅಡುಗೆಮನೆಯಿಂದ, ಹಿಂತಿರುಗಿ ನೋಡದೆಯೇ.

"ಐದು ನಿಮಿಷದ ಕೆಲಸ. ಹಲಗೆಯ ಅಡಿಗೆ ಒಂದು ತುಂಡು ಕೊಟ್ರೆ ಆಯ್ತು."

ಕೆಲಸ ಐದೇ ನಿಮಿಷದಲ್ಲಿ ಆಯಿತು. ಗುಳ್ಳೆ ನಟ್ಟನಡುವೆ ಬಂದು ನಿಂತಿತು. ಅನಂತರ ರಾಮದಾಸರು ನೆಲದ ಮೇಲೆ ಸಾಲಾಗಿ ಮಲಗಿದ್ದ ಗೊಂಬೆಗಳ ಕಡೆ ತಿರುಗಿದರು. ಯಾವುದು ಎಲ್ಲಿತ್ತು? ನೆನಪಾಗಲಿಲ್ಲ. ಕಾರ್ಖಾನೆಯಲ್ಲಿ ಒಂದು ವಾಷರ್ ಬಿಚ್ಚುವ ಮೊದಲೂ ನಕ್ಷೆ ಬರೆದಿಡುವ ಮನುಷ್ಯ, ಮಗಳ ಸಂಸಾರವನ್ನು ನಕ್ಷೆಯಿಲ್ಲದೆ ಬಿಚ್ಚಿಹಾಕಿದ್ದರು.

"ಸುಮತೀ, ಈ ಕೋಣನ ಪಕ್ಕ ಯಾರಿದ್ದದ್ದು?"

"ನಂಗೆಂತ ಗೊತ್ತು ಭಾವ? ಮುಟ್ಟಬೇಡಿ ಅಂದೆ." (ಸುಮತಿ ಅವರ ಸೋದರಮಾವನ ಮಗಳು. ಸಿಟ್ಟು ಬಂದಾಗ ಮಾತ್ರ ಗಂಡ ಹಳೆಯ ಭಾವನಾಗುತ್ತಾರೆ.)

ರಾಮದಾಸರು ಗಾಬರಿಯಾಗಲಿಲ್ಲ. ದತ್ತಾಂಶ ಇಲ್ಲದಿದ್ದರೆ ತರ್ಕವಿದೆ. ಇದೊಂದು ಸಂಸಾರ. ನಾಯಿ ಒಂದು: ಬಾಗಿಲ ಹೊರಗೆ. ವಯಸ್ಸಾದ ರಾಕ್ಷಸ ಒಬ್ಬ: ತಾತ. ಪುಟ್ಟವು ಎರಡು: ಮಕ್ಕಳು. ನಡುವೆ ಪ್ರಾಯದ ಗಂಡು ಒಂದು, ಪ್ರಾಯದ ಹೆಣ್ಣು ಒಂದು. ಇನ್ನುಳಿದದ್ದಕ್ಕೆ ಪಂಚಾಂಗ ನೋಡಬೇಕೆ? ಡ್ರೋಮಾನನ್ನೂ ಸೆಲಿಯಾಳನ್ನೂ ಭುಜಕ್ಕೆ ಭುಜ ತಾಗುವಂತೆ ನಿಲ್ಲಿಸಿದರು. ಹೆಣ್ಣು ಎಡಕ್ಕೆ. ದೇವರಿಗೆ ತಂದ ಮಲ್ಲಿಗೆಯಲ್ಲಿ ಒಂದು ಮೊಳ ಮಿಕ್ಕಿತ್ತು. ಅದನ್ನೂ ಇಬ್ಬರ ಕೊರಳಿಗೆ ಸೇರಿಸಿ ಹಾಕಿದರು.

ಅಷ್ಟರಲ್ಲಿ ಎದುರುಮನೆಯ ಮಾಮಿ ಒಳಗೆ ಬಂದರು. "ಅಡಡಾ! ಕಲ್ಯಾಣ ಜೋಡಿ! ರೊಂಬ ಲಕ್ಷಣಂ!" ಎಂದು ಹಣೆಯ ಪಕ್ಕ ನೆಟಿಕೆ ಮುರಿದು, ಅಕ್ಷತೆ ಕೇಳಿ ಹಾಕಿ, ಕೊಲುವಿನ ಮುಂದೆ ಹಾಡದೆ ಹೋಗಬಾರದೆಂದು ಮದುವೆಯ ಉಯ್ಯಾಲೆ ಹಾಡನ್ನು ಪಲ್ಲವಿ ಚರಣಗಳ ಸಮೇತ ಹಾಡಿ ಮುಗಿಸಿದರು. ಹೋಗುವಾಗ, ಸಂಜೆ ಎಲ್ಲರನ್ನೂ ಕರೆತಂದು ತೋರಿಸುತ್ತೇನೆಂದು ಬೇರೆ ಹೇಳಿದರು. ರಾಮದಾಸರಿಗೆ ಹೆಣ್ಣಿನ ತಂದೆಯ ಧನ್ಯತೆ.

ಮಧ್ಯಾಹ್ನ ಹುಡುಗಿಯರು ಬಂದರು. ಶ್ರೀಯಾಳ ಚೀಲ ಭುಜದಿಂದ ಜಾರಿ ಕೆಳಗೆ ಬಿತ್ತು.

"ಅಪ್ಪಾ! ಏನ್ ಪಾ ಇದು? ಅವ್ರಿಬ್ರೂ ಅಣ್ಣ-ತಂಗಿ!"

"ಅಣ್ಣ-ತಂಗಿ ಹೇಗಾಗ್ತದೆ?" ಎಂದರು ರಾಮದಾಸರು ಶಾಂತವಾಗಿ. "ಅವನು ರಾಕ್ಷಸ, ಇವಳು ದೇವದೂತೆ. ರಕ್ತ ಸಂಬಂಧ ಇಲ್ಲ. ಮದುವೆಗೆ ಅಡ್ಡಿ ಎಂತದು? ನಾನೂ ನಿನ್ನ ಅಮ್ಮನೂ ಅಷ್ಟು ಹತ್ತಿರದ ಸಂಬಂಧ ಇದ್ದೂ ಆಗ್ಲಿಲ್ವಾ?"

"ಆದದ್ದರ ಫಲ ಕಾಣ್ತಾ ಉಂಟಲ್ಲ," ಎಂದಿತು ಅಡುಗೆಮನೆ.

ಆಗ ವೀಕ್ಷಾ ಮೆಲ್ಲಗೆ ಬಾಯಿಬಿಟ್ಟಳು. "ಶ್ರೀ, ಹೇಳಿದ್ರೆ ಸಿಟ್ಟು ಮಾಡ್ಬೇಡ. ನಂಗೂ ಯಾವಾಗ್ಲೂ ಹಾಗೇ ಅನ್ನಿಸ್ತಿತ್ತು. ಅಂಕಲ್ ಮಾಡಿದ್ದೇ ಸರಿ."

"ಏನು?"

"ಅವ್ನು ಅವ್ಳಿಗೋಸ್ಕರ ಕೊಂಬು ಮುರ್ಕೊಂಡ ಅಲ್ವಾ? ತಂಗಿಗೆ ಯಾರು ಕೊಂಬು ಮುರ್ಕೊಳ್ತಾರೆ?"

"ಅಣ್ಣನೇ ಮುರ್ಕೊಳ್ಳೋದು! ಒಂದು ವರ್ಷದಿಂದ ಮನಸ್ಸಲ್ಲಿ ಇದನ್ನಾ ಇಟ್ಕೊಂಡಿದ್ದಿ? ದ್ರೋಹಿ!"

"ನೀನೇ ದ್ರೋಹಿ, ಹೋಗೇ!"

ವೀಕ್ಷಾ ದಡದಡನೆ ಮೆಟ್ಟಿಲಿಳಿದು ಹೋದಳು. ಶ್ರೀಯಾ ಬಾಲ್ಕನಿಗೆ ಹೋಗಿ ಒಣಗಲು ಹಾಕಿದ ಬೆಡ್‌ಶೀಟಿನ ಹಿಂದೆ ಕೂತಳು. ಒಂದು ಹಲಗೆ ಸರಿಮಾಡಲು ಹೋಗಿ ಒಂದು ಸಂಸಾರವನ್ನೂ ಒಂದು ಗೆಳೆತನವನ್ನೂ ಮುರಿದ ಕೀರ್ತಿ ರಾಮದಾಸರದಾಯಿತು.

ಅವರು ಬೆಡ್‌ಶೀಟಿನ ಈಚೆ ನೆಲದ ಮೇಲೆ ಕೂತರು.

"ತಪ್ಪಾಯ್ತು ಮಗಾ. ಸಂಸಾರ ಅಂದ್ಮೇಲೆ ಗಂಡ-ಹೆಂಡತಿ ಇರ್ಬೇಕು ಅಂದ್ಕೊಂಡೆ."

ಬೆಡ್‌ಶೀಟಿನ ಆಚೆಯಿಂದ ಮಾತು ಬಂತು. "ಎಲ್ಲಾ ಕಥೇಲೂ ಕೊನೆಗೆ ಕಲ್ಯಾಣ. ಯಾಕ್ ಪಾ? ಏನೂ ಸಂಬಂಧ ಇಲ್ದವ್ರು ಸುಮ್ನೆ ಒಂದೇ ಮನೇಲಿ ಇರ್ಬಾರ್ದಾ? ನಂಗೆ ಅಣ್ಣ ಇಲ್ಲ, ತಂಗಿ ಇಲ್ಲ. ಅದಕ್ಕೇ ಒಂದು ಮನೆ ಮಾಡ್ಕೊಂಡ್ರೆ ಅದ್ನೂ ನೀನು ಸರಿ ಮಾಡ್ತಿ."

ರಾಮದಾಸರಿಗೆ ನೆನಪಾದದ್ದು ಪುರಸೈವಾಕ್ಕಂನ ಶೀನಣ್ಣನ ಹೋಟೆಲು. ಕೆಲಸ ಹುಡುಕಿಕೊಂಡು ಬಂದ ವರ್ಷ ಆ ಹೋಟೆಲಿನ ಅಟ್ಟದಲ್ಲಿ ಅವರು ಮಲಗುತ್ತಿದ್ದರು. ಕಾಮಾಲೆಯಾದಾಗ ಶೀನಣ್ಣ ಗಲ್ಲಾಪೆಟ್ಟಿಗೆ ಬಿಟ್ಟು ಬಂದು ಗಂಜಿ ಕುಡಿಸಿದ್ದ. ಮದುವೆಯಲ್ಲಿ, ತೀರಿಕೊಂಡ ಅಪ್ಪನ ಜಾಗದಲ್ಲಿ ಬಂದು ನಿಂತವನೂ ಅವನೇ. "ಅವರು ನಿಮಗೆ ಏನಾಗ್ಬೇಕು?" ಎಂದು ಪುರೋಹಿತರು ಕೇಳಿದಾಗ ರಾಮದಾಸರು ತಡವರಿಸಿದ್ದರು. ಏನೂ ಆಗಬೇಕಾಗಿರಲಿಲ್ಲ.

ಅದನ್ನೆಲ್ಲ ಅವರು ಮಗಳಿಗೆ ಹೇಳಿದರು. ಬೆಡ್‌ಶೀಟಿನ ಅಂಚು ಸರಿದು ಒಂದು ಕಣ್ಣು ಕಾಣಿಸಿತು.

"ಶೀನಜ್ಜ ನಮ್ಗೆ ನಿಜವಾದ ಅಜ್ಜ ಅಲ್ವಾ?"

"ನಿಜವಾದ ಅಜ್ಜನೇ. ಸಂಬಂಧಿಕ ಅಲ್ಲ, ಅಷ್ಟೇ."

ಎದ್ದು ಕೆಳಗೆ ಹೋದರು. ವೀಕ್ಷಾಳನ್ನು ಕೈಮುಗಿದು ಬೇಡಿ ಕರೆತಂದರು. ಅವಳು ಬಂದಳು. ಆದರೆ ಕೋಣೆಯ ಆ ಮೂಲೆಯಲ್ಲಿ ನಿಂತಳು. ಶ್ರೀಯಾ ಈ ಮೂಲೆಯಲ್ಲಿ. ನಡುವೆ ನವದಂಪತಿ.

ಮಲ್ಲಿಗೆ ದಾರಕ್ಕೆ ರಾಮದಾಸರು ಕೈಹಾಕುವುದಕ್ಕೂ, ಮಾಮಿ ಸಂಜೆಗೂ ಕಾಯದೆ ಕಟ್ಟಡದ ಅರ್ಧ ಹೆಂಗಸರನ್ನು ಹಿಂದಿಟ್ಟುಕೊಂಡು ಒಳಬರುವುದಕ್ಕೂ ಸರಿಹೋಯಿತು. ಮಾಮಿಯ ಕೈಯಲ್ಲಿ ವಧುವಿಗೆಂದು ಅಂಗೈಯಗಲದ ರೇಷ್ಮೆಸೀರೆ.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ರಾಮದಾಸರು ಹಾರ ತೆಗೆದು, ಕಾರ್ಖಾನೆಯಲ್ಲಿ ಕಳಪೆ ಮಾಲನ್ನು ತಿರಸ್ಕರಿಸುವ ದನಿಯಲ್ಲಿ, ತಮ್ಮ ಅಚ್ಚುಕಟ್ಟಾದ ಪರದೇಶಿ ತಮಿಳಿನಲ್ಲಿ ಸಾರಿದರು: ಈ ಮದುವೆ ರದ್ದಾಗಿದೆ. ಇವರು ಅಣ್ಣ-ತಂಗಿ.

ಮಾಮಿಯ ಕೈ ತಾನಾಗಿ ಕೆನ್ನೆಗೆ ಹೋಯಿತು.

"ಅಯ್ಯಯ್ಯೋ! ನಾನ್ ಪಾಟ್ಟು ಬೇರೆ ಪಾಡಿನೇನೇ!" ಎಂದು ತಾವು ಹಾಡಿದ ಹಾಡಿಗೆ ಮೊದಲು ಮರುಗಿ, ಆಮೇಲೆ ಸುತ್ತ ನೋಡಿದರು. ಒಡಹುಟ್ಟಿದವರಿಗೆ ಮಾಲೆ ಹಾಕಿಸಿದ ಆ ಪುಣ್ಯಾತ್ಮರು ಯಾರು?

ರಾಮದಾಸರು ಸುಮತಿಯ ಕಡೆ ನೋಡಿದರು. ಸುಮತಿ ಸುಂಡಲಿನಲ್ಲಿ ಕಲ್ಲು ಹುಡುಕುತ್ತಿದ್ದರು.

ಆ ಮೂಲೆಯಿಂದ ಒಂದು ಬೆರಳು, ಈ ಮೂಲೆಯಿಂದ ಒಂದು ಬೆರಳು, ಒಟ್ಟಿಗೇ ಎದ್ದವು.

"ಅಪ್ಪ!"

"ಅಂಕಲ್!"

ಹುಡುಗಿಯರಿಬ್ಬರೂ ಒಬ್ಬರನ್ನೊಬ್ಬರು ನೋಡಿದರು. ತುಟಿ ಕಚ್ಚಿದರು. ಆಗಲಿಲ್ಲ. ವೀಕ್ಷಾಳಿಂದ ಮೊದಲು ನಗು ಸಿಡಿಯಿತು, ಶ್ರೀಯಾ ಓಡಿಬಂದು ಅವಳ ಮೇಲೆ ಬಿದ್ದಳು. ಮಾಮಿ ಮಾತ್ರ ನಗಲಿಲ್ಲ. ಕುಂಕುಮ ಇಟ್ಟುಕೊಂಡು ಹೊರಡುವಾಗ ರಾಮದಾಸರನ್ನು ಬಳಸಿಕೊಂಡು ದೂರದಿಂದಲೇ ಹೋದರು. ಕಟ್ಟಡದಲ್ಲಿ ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಕ್ಕಳಿರುವ ಮನೆಗಳು ಏಳೆಂಟು. ಅಲ್ಲೆಲ್ಲ ಇನ್ನು ಇವರ ಸಲಹೆ ಕೇಳುವವರಿಲ್ಲ ಎಂಬುದು ಖಚಿತವಾಯಿತು.

"ಕೂತ್ಕೋ ಪಾ," ಎಂದಳು ಶ್ರೀಯಾ ಕಣ್ಣೊರೆಸಿಕೊಳ್ಳುತ್ತ. "ಫ್ರೆಂಡ್ಸ್ ಬರೋಕ್ಕೆ ಇನ್ನೂ ಟೈಮಿದೆ. ಮೊದ್ಲಿಂದ ಹೇಳ್ತೀನಿ, ಸರಿಯಾಗಿ ಕೇಳು."

ರಾಮದಾಸರು ಕೂತರು. ಇಷ್ಟು ದಿನ ಕಾದದ್ದು ಈ ಮಾತಿಗೆ. ಮಗಳು ಮೆಟ್ಟಿಲಿನ ಆ ತುದಿಯಿಂದ ಒಂದೊಂದನ್ನೇ ನೋಡುತ್ತ ಬಂದು, ಈ ತುದಿಯಲ್ಲಿ ನಿಂತುಬಿಟ್ಟಳು.

"ಇದನ್ಯಾಕೆ ಬಾಗಿಲ ಹೊರಗೆ ಕೂರ್ಸಿದ್ದಿ?"

"ನಾಯಿ ಅಲ್ವಾ? ಕಾವಲಿಗೆ ಇರ್ಲಿ ಅಂತ."

"ನಾಯಿ ಅಲ್ಲ ಪಾ," ಎಂದಳು ವೀಕ್ಷಾಳ ಭುಜ ಹಿಡಿದುಕೊಂಡು. "ಅದು ಅಜ್ಜಿ."

ರಾಮದಾಸರು ಮಂಡಿಯೂರಿ, ಅಜ್ಜಿಯನ್ನು ಎರಡೂ ಕೈಯಲ್ಲಿ ಎತ್ತಿ, ಮನೆಯೊಳಗೆ ಎಲ್ಲರಿಗಿಂತ ಎತ್ತರದ ಮಣೆಯ ಮೇಲೆ ಕೂರಿಸಿದರು.