ಬೇಯದ ತೊಗರಿಬೇಳೆಯೂ ನನ್ನ ವೈಜ್ಞಾನಿಕ ಪರೀಕ್ಷೆಯೂ

ನರೋಣಾದ ಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವನಿಗೆ ಒಂದು ಪಾತ್ರೆ ತೊಗರಿಬೇಳೆ ಬೇಯಿಸುವುದು ಯಾವ ಮಹಾ ವಿದ್ಯೆ! ನಿವೃತ್ತನಾದ ಮರುದಿನವೇ, "ನೀನು ಅಂಗನವಾಡಿ ಕೆಲಸಕ್ಕೆ ಹೋಗು, ಬೇಳೆ ನನ್ನ ಜವಾಬ್ದಾರಿ" ಎಂದು ಹೆಂಡತಿ ಮಹಾದೇವಿಗೆ ಘೋಷಿಸಿದೆ. ಬೇಳೆ, ನೀರು, ಅರಿಶಿನ, ಹುಣಸೆಹಣ್ಣು ಎಲ್ಲ ಒಮ್ಮೆಲೇ ಹಾಕಿ ಮುಚ್ಚಳ ಮುಚ್ಚುತ್ತಿದ್ದೆ. ಆಮೇಲೆ ಮರೆಯುವ ಭಯವೇ ಇಲ್ಲ.

ಬೇಳೆ ಬೇಯಲಿಲ್ಲ. ಒಂದು ವಾರವಾದರೂ ಬೇಯಲಿಲ್ಲ!

ಅದು ಅಫಜಲಪುರದಲ್ಲಿರುವ ಅವಳ ಅಣ್ಣನ ಹೊಲದ ಬೇಳೆ. ಬೇಳೆಯೇ ಕೆಟ್ಟದ್ದೆಂದು ಊಹಿಸಿದೆ. ಊಹೆ ಊಹೆಯಾಗಿಯೇ ಇದ್ದಿದ್ದರೆ ಚೆನ್ನಾಗಿತ್ತು. ಫೋನು ಮಾಡಿ ಅವರಿಗೇ ಹೇಳಿಬಿಟ್ಟೆ!

"ನಾಳೆ ಬಂದು ನೋಡ್ತೇನಿ" ಎಂದು ಫೋನಿಟ್ಟರು.

"ನಮ್ಮಣ್ಣನ ಬ್ಯಾಳಿಗೆ ಹೆಸರಿಟ್ರಲ್ಲಾ! ಸುಳ್ಳಾದ್ರ ಅವನ ಮುಖಾ ಹೆಂಗ ನೋಡ್ಲಿ?" ಎಂದ ಮಹಾದೇವಿ ಮಾತು ಬಿಟ್ಟಳು.

ಪರೀಕ್ಷೆಯೊಂದೇ ದಾರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಉಳಿದದ್ದೆಲ್ಲ ಇದ್ದಂತೆಯೇ ಇರಬೇಕು. ಮಕ್ಕಳಿಗೆ ಇದನ್ನೇ ಉರು ಹೊಡೆಸಿದವನು ನಾನು. ಬೋರಿನ ನೀರು ಬಿಟ್ಟು ಫಿಲ್ಟರ್ ನೀರು ಹಾಕಿದೆ. ಬೇಯಲಿಲ್ಲ. ಅಂಗಡಿಯಿಂದ ಬೇರೆ ಬೇಳೆ ತಂದೆ. ಅದೂ ಬೇಯಲಿಲ್ಲ. ಇಷ್ಟಕ್ಕೆ ನನ್ನ ಊಹೆ ಬಿದ್ದುಹೋಗಬೇಕಿತ್ತು, ಆದರೆ ಅದು ಇನ್ನೂ ಬೆಳೆಯಿತು: ಈ ವರ್ಷ ಇಡೀ ಸೀಮೆಯ ತೊಗರಿಯೇ ಕೆಟ್ಟಿದೆ!

ಮರುದಿನ ಅಣ್ಣ ಬಂದವರೇ ಒಲೆಯ ಮೇಲಿನ ಪಾತ್ರೆಗೆ ಸೌಟು ಹಾಕಿ ತಿರುವಿದರು.

"ಮಾಸ್ತರ್ರ, ಹುಣಸಿಹಣ್ಣು ಈಗ್ಲೇ ಹಾಕೀರಲ್ರಿ? ಹುಳಿ ಬಿದ್ರ ಬ್ಯಾಳಿ ಹೆಂಗ ಬೇಯ್ತದ?"

"ಅದು ನಿಮ್ಮ ಊಹೆ ಮಾತ್ರ. ಪರೀಕ್ಷೆಯಾಗಬೇಕು!" ಎಂದೆ ಗಂಭೀರವಾಗಿ.

ಮಹಾದೇವಿ ಮಾತಾಡದೆ ಎರಡು ಪಾತ್ರೆ ಇಟ್ಟಳು. ಅದೇ ಬೇಳೆ, ಅದೇ ನೀರು, ಒಂದರಲ್ಲಿ ಮಾತ್ರ ಹುಣಸೆಹಣ್ಣು. ಮೂವರೂ ಒಲೆ ಮುಂದೆ ನಿಂತೆವು. ನಿಜ ಹೇಳುತ್ತೇನೆ, ಸೋಲುವ ಭಯದಲ್ಲೂ ಏನಾಗುವುದೋ ಎಂಬ ಕುತೂಹಲ ತಡೆಯಲಾಗಲಿಲ್ಲ! ಹುಳಿಯಿಲ್ಲದ ಬೇಳೆ ಬೆಣ್ಣೆಯಂತೆ ಬೆಂದಿತು. ಇನ್ನೊಂದು ಕಲ್ಲಿನಂತೆ ಕೂತಿತ್ತು. ಉಳಿದದ್ದನ್ನೆಲ್ಲ ಇದ್ದಂತೆಯೇ ಇಡುವ ಶಿಸ್ತಿನಲ್ಲಿ, ಪ್ರತಿ ಪರೀಕ್ಷೆಗೂ ತಪ್ಪದೆ ಹುಣಸೆಹಣ್ಣು ಹಾಕಿದ್ದೆನಲ್ಲ!

"ಕುಣಿಯಾಕ ಬರದಾಕಿ ನೆಲ ಡೊಂಕು ಅಂದಿದ್ಳಂತ" ಎಂದಳು ಮಹಾದೇವಿ. ಅಂತೂ ಮಾತು ಬಿಟ್ಟವಳು ಮಾತಾಡಿದಳಲ್ಲ, ನನಗೆ ಅಷ್ಟೇ ಸಾಕಾಗಿತ್ತು. ನಾನು ಕ್ಷಮೆ ಕೇಳಿದೆ. ಅಣ್ಣ ನಕ್ಕು, ಎರಡು ರೊಟ್ಟಿ ಹೆಚ್ಚೇ ಉಂಡರು.

ಹೊರಡುವಾಗ ತಂಗಿಯ ಕೈಗೆ ಇನ್ನೊಂದು ಚೀಲ ಬೇಳೆ ಕೊಟ್ಟರು. "ಮಾಸ್ತರ್ರಿಗೆ ಸಿಗದಂಗ ಇಡವ್ವಾ."

ಈಗ ನನಗೆ ಪಾತ್ರೆ ತೊಳೆಯುವ ಕೆಲಸ. ನಿನ್ನೆ ತಳ ಹತ್ತಿದ ಪಾತ್ರೆಯೊಂದನ್ನು ಹಿಡಿದು, "ಸಾಬೂನೇ ಸರಿಯಿಲ್ಲ ಅನ್ನಿಸುತ್ತದೆ" ಎಂದೆ.

ಮಹಾದೇವಿ ಒಮ್ಮೆ ನೋಡಿದಳು. ನಾನು ಇನ್ನಷ್ಟು ಗಟ್ಟಿಯಾಗಿ ಉಜ್ಜತೊಡಗಿದೆ!